ಕುಡಿಯದವನ ಮೂಗಿಗೆ ಸಿಕ್ಕ ಬಡ್ತಿ

ಹೋದ ಯುಗಾದಿಗೆ ಒಸಾಕಾದಲ್ಲಿ ನಮ್ಮ ಕನ್ನಡದವರೆಲ್ಲ ಒಂದು ಹಾಲ್‌ನಲ್ಲಿ ಸೇರಿದ್ದೆವು. ನೋಮಿ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಯೀಸ್ಟ್ ಮೇಲೆ ಸಂಶೋಧನೆ ಮಾಡುತ್ತಿರುವ ಸಹನಾ ಎಂಬ ಹುಡುಗಿ ತಟ್ಟೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತಳು.

"ಅಂಕಲ್, ನೀವು ಇಟಾಲಿಯನ್ ವೈನರೀಲಿ ಕೆಲ್ಸ ಮಾಡ್ತಿದ್ರಂತೆ. ನಂಗೂ ಪಿಎಚ್‌ಡಿ ಆದ್ಮೇಲೆ ಅಂಥದ್ದೇ ಏನಾದ್ರೂ ಮಾಡ್ಬೇಕು ಅಂತ ಆಸೆ. ಲೈಫು ಫುಲ್ ರೊಮ್ಯಾಂಟಿಕ್ ಆಗಿರತ್ತೆ, ಅಲ್ವಾ?"

ನನ್ನ ಬಾಯಿ ತುಂಬ ಹೋಳಿಗೆಯಿತ್ತು. ಸುಮ್ಮನೆ ತಲೆ ಅಲ್ಲಾಡಿಸಿದೆ. ಅವಳು ಅದನ್ನು ಹೌದು ಎಂದೇ ತಿಳಿದು ಖುಷಿಯಿಂದ ಎದ್ದು ಹೋದಳು. ಅವಳು ನಿಜಕ್ಕೂ ಹೋಗಿ ಎಲ್ಲಾದರೂ ಸೇರಿಬಿಡುವ ಮೊದಲು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡೋಣ ಎಂದು ಇದನ್ನು ಬರೆಯಲು ಕೂತಿದ್ದೇನೆ.

ನೋಡಮ್ಮ ಸಹನಾ, ವೈನ್ ಮಾಡುವುದೆಂದರೆ ತೊಳೆಯುವುದು. ದ್ರಾಕ್ಷಿ ತುಂಬುವ ಕ್ರೇಟು ತೊಳೆಯಬೇಕು, ಹಿಂಡುವ ಯಂತ್ರ ತೊಳೆಯಬೇಕು, ಟ್ಯಾಂಕು, ಪೈಪು, ನೆಲ, ಎಲ್ಲ ತೊಳೆದ ಮೇಲೆ ತೊಳೆಯಲು ಬಳಸಿದ ಬ್ರಷ್ಷನ್ನೂ ತೊಳೆಯಬೇಕು. ಫೋಟೋಗಳಲ್ಲಿ ಕಾಣುವ ಹಾಗೆ ಗ್ಲಾಸನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡುವ ಕೆಲಸ ವರ್ಷಕ್ಕೆ ಕೆಲವೇ ದಿನ. ಉಳಿದ ದಿನವೆಲ್ಲ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಪೈಪು ಹಿಡಿದು ನಿಂತಿರುವುದೇ. ಮೈಸೂರಿನ ಮನೆಯಲ್ಲಿ ಉಂಡ ತಟ್ಟೆಯನ್ನು ಎತ್ತಿಡದೆ ಬೆಳೆದವನು ನಾನು. ಡಾಕ್ಟರೇಟ್ ಮಾಡಿ, ಸಮುದ್ರ ದಾಟಿ ಬಂದು, ಬದುಕಿಡೀ ಪಾತ್ರೆ ತೊಳೆದೆ. ನನ್ನ ಹೆಂಡತಿ ವಸುಧಾ ಇದನ್ನು ದೇವರ ನ್ಯಾಯ ಎನ್ನುತ್ತಾಳೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಕುಡಿಯುವುದಿಲ್ಲ. ವ್ರತವೇನೂ ಅಲ್ಲ. ವಿದ್ಯಾರ್ಥಿಯಾಗಿದ್ದಾಗ ಒಂದು ಸಲ ರುಚಿ ನೋಡಿದ್ದೆ, ಕೆಮ್ಮಿನ ಔಷಧಿಯ ನೆನಪಾಗಿ ಬಿಟ್ಟುಬಿಟ್ಟೆ. ನನ್ನಮ್ಮ ಊರಿನಲ್ಲಿ ಎಲ್ಲರಿಗೂ "ಮಗ ದ್ರಾಕ್ಷಿ ಹಣ್ಣಿನ ಜ್ಯೂಸ್ ಕಂಪ್ನೀಲಿ ಸೈಂಟಿಸ್ಟು" ಎಂದು ಹೇಳಿಕೊಂಡಿದ್ದಳು. ಅದು ಪೂರ್ತಿ ಸುಳ್ಳೂ ಅಲ್ಲ, ಸುಗ್ಗಿಯ ಮೊದಲ ದಿನ ಅದು ಜ್ಯೂಸೇ. ಮನೆಗೆ ಬಂದರೆ ನನ್ನ ಮೈಯಿಂದ ಹುಳಿಹೆಂಡದ ವಾಸನೆ. ಇಲ್ಲೇ ಹುಟ್ಟಿ ಬೆಳೆದ ಮಗಳು ಮೈತ್ರಿ ಮೂಗು ಹಿಡಿದುಕೊಂಡು "ಅಪ್ಪ, ಕುಸಾಯ್! ಗೋ ಟೇಕ್ ಎ ಬಾತ್" ಎಂದು ಬಾಗಿಲಲ್ಲೇ ತಡೆಯುತ್ತಿದ್ದಳು. ನಾತ ಎನ್ನುವುದಕ್ಕೆ ಅವಳಿಗೆ ಮೊದಲು ಬರುತ್ತಿದ್ದುದು ಜಪಾನಿ ಮಾತೇ.

"ಕುಡಿದು ಬರೋ ಗಂಡಸ್ರು ಬೈಸ್ಕೊಂಡ್ರೂ ಖುಷಿಯಾಗಾದ್ರೂ ಇರ್ತಾರೆ ಕಣ್ರೀ," ಎನ್ನುತ್ತಿದ್ದಳು ವಸುಧಾ. "ನಿಮ್ದು ಬರೀ ವಾಸ್ನೆ."

ನಾನು ಅಲ್ಲಿಗೆ ಸೇರಿದ್ದು ಹೀಗೆ. ನೋಮಿಯಲ್ಲಿ ನನ್ನ ಸಂಶೋಧನೆಯ ಕರಾರು ಮುಗಿಯುತ್ತ ಬಂದಿತ್ತು. ಮುಂದೇನು ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಇಟಲಿಯ ಮನುಷ್ಯನೊಬ್ಬ ಕಂಕುಳಲ್ಲಿ ಬಾಟಲಿ ಇಟ್ಟುಕೊಂಡು ನಮ್ಮ ಪ್ರಯೋಗಾಲಯಕ್ಕೆ ನುಗ್ಗಿದ. ಹೆಸರು ರೆಂಜೊ. ಕೈಕೋ-ಸಾನ್ ಎಂಬ ಜಪಾನಿ ಹೆಣ್ಣುಮಗಳನ್ನು ಮದುವೆಯಾಗಿ ಇಲ್ಲಿಗೆ ಬಂದು, ಅವರ ತಂದೆ ಪಾಳು ಬಿಟ್ಟಿದ್ದ ಗುಡ್ಡದ ಇಳಿಜಾರಿನಲ್ಲಿ ತಮ್ಮೂರ ಕಡೆಯ ಕಪ್ಪು ದ್ರಾಕ್ಷಿ ಹಾಕಿದ್ದರು. ಇಲ್ಲಿನ ಮಳೆಗೆ ಅದು ಕೊಳೆತು ಹೋಗುತ್ತದೆ ಎಂದು ಇಡೀ ಊರು ಹೇಳಿತ್ತಂತೆ. ಊರು ಹೇಳಿತು ಎಂಬ ಕಾರಣಕ್ಕೇ ಇನ್ನೆರಡು ಸಾಲು ಹೆಚ್ಚಿಗೆ ನೆಟ್ಟ ಆಸಾಮಿ ಅವರು. ಅವತ್ತು ಅವರ ವೈನಿನ ಟ್ಯಾಂಕಿನಲ್ಲಿ ಹುದುಗು ಅರ್ಧಕ್ಕೇ ನಿಂತುಹೋಗಿತ್ತು. ನಾನು ಯೀಸ್ಟಿಗೆ ಏನೋ ಒಂದಿಷ್ಟು ಆಹಾರ ಹಾಕಿಸಿ ಅದನ್ನು ಮತ್ತೆ ಎಬ್ಬಿಸಿದೆ. ಅಷ್ಟಕ್ಕೇ ಅವರು ನನ್ನನ್ನು ಮಹಾ ಪಂಡಿತನೆಂದು ನಂಬಿ ಕೆಲಸ ಕೊಟ್ಟರು, "ಪ್ರೊಫೆಸೋರೆ" ಎಂದು ಕರೆಯತೊಡಗಿದರು. ನಂಬಿಕೆ ಬೇಗ ಹೋಯಿತು, ಹೆಸರು ಉಳಿಯಿತು.

ನಾವು ಮಾತಾಡುತ್ತಿದ್ದುದು ಜಪಾನಿಯಲ್ಲಿ, ಸಾಲದ್ದಕ್ಕೆ ಇಂಗ್ಲಿಷು. ಅವರ ಜಪಾನಿ ತೋಟದ ಕೆಲಸದವರಿಂದ ಕಲಿತದ್ದು, ನನ್ನದು ಪಠ್ಯಪುಸ್ತಕದ್ದು. ಅವರು ಬಾಯಿ ತೆರೆದರೆ ಜಗಳ ಶುರುವಾದಂತೆ, ನಾನು ಬಾಯಿ ತೆರೆದರೆ ರೈಲ್ವೆ ಸ್ಟೇಷನ್ನಿನ ಪ್ರಕಟಣೆಯಂತೆ. ಕೈಕೋ-ಸಾನ್ ಇಬ್ಬರ ನಡುವೆ ನಿಂತು ಎರಡನ್ನೂ ಮನುಷ್ಯರ ಭಾಷೆಗೆ ತರುತ್ತಿದ್ದರು. ನನ್ನನ್ನು ಅವರು ಶ್ರೀ-ಸಾನ್ ಎಂದು ಕರೆಯುತ್ತಿದ್ದರು, ಸಾನ್ ಎಂದರೆ ನಮ್ಮ ‘ಅವರೇ’ ಇದ್ದ ಹಾಗೆ.

ಮೊದಲ ಬೇಸಿಗೆಯಲ್ಲೇ ನನ್ನ ಪಾಂಡಿತ್ಯ ಬಯಲಾಯಿತು. ಇಲ್ಲಿ ಮಳೆ ಜಾಸ್ತಿಯಾದ್ದರಿಂದ ದ್ರಾಕ್ಷಿ ಗೊಂಚಲಿಗೆ ಒಂದೊಂದಕ್ಕೂ ಮೇಣದ ಕಾಗದದ ಪುಟ್ಟ ಕೊಡೆ ಕಟ್ಟುತ್ತಾರೆ. ಹೌದು, ಪ್ರತಿ ಗೊಂಚಲಿಗೂ. ರೆಂಜೊ-ಸಾನ್ ನನಗೆ ಕಾಗದದ ಕಟ್ಟು ಕೊಟ್ಟು, ಒಂದು ಸಾಲು ತೋರಿಸಿ, ಎಲ್ಲಿಗೋ ಹೋದರು. ಕಾಗದ ದುಂಡಗಿತ್ತು, ನಡುವೆ ಸೀಳಿತ್ತು. ನನ್ನ ಕಣ್ಣಿಗೆ ಅದು ದೊನ್ನೆಯಂತೆ ಕಂಡಿತು. ಗೊಂಚಲು ದೊನ್ನೆಯೊಳಗೆ ಕೂರಬೇಕು, ಉದುರಿದ ಹಣ್ಣು ಕೆಳಗೆ ಬೀಳಬಾರದು, ಎಂಥ ಅಚ್ಚುಕಟ್ಟು ಜನ ಈ ಜಪಾನಿಗಳು ಎಂದುಕೊಂಡು ಇಡೀ ಸಾಲಿಗೆ ಚಂದದ ದೊನ್ನೆ ಕಟ್ಟಿದೆ. ಮಳೆ ಬಂತು. ಮರುದಿನ ನೋಡಿದರೆ ಪ್ರತಿ ಗೊಂಚಲೂ ತನ್ನ ತನ್ನ ದೊನ್ನೆಯಲ್ಲಿ ಸುಖವಾಗಿ ಸ್ನಾನ ಮಾಡುತ್ತಿತ್ತು.

ರೆಂಜೊ-ಸಾನ್ ಸಾಲಿನುದ್ದಕ್ಕೂ ನಡೆದು ನೋಡಿದರು. ಕಡೆಗೆ ಕೇಳಿದರು, "ಪ್ರೊಫೆಸೋರೆ, ನಿಮ್ಮ ದೇಶದಲ್ಲಿ ಕೊಡೆಯನ್ನು ಹೇಗೆ ಹಿಡೀತಾರೆ?"

ಕೈಕೋ-ಸಾನ್ ಆಚೆ ತಿರುಗಿಕೊಂಡು ನಕ್ಕರು. ಎದುರಿಗೆ ನಕ್ಕರೆ ನನಗೆ ನೋವಾಗುತ್ತದೆಂದು. ಅವರ ಭುಜ ಕುಣಿಯುತ್ತಿದ್ದುದು ಹಿಂದಿನಿಂದ ಚೆನ್ನಾಗಿ ಕಾಣುತ್ತಿತ್ತು.

ನಮ್ಮ ಯಜಮಾನರ ಕಾನೂನುಗಳು ಕಡಿಮೆ. ಇದ್ದದ್ದರಲ್ಲಿ ದೊಡ್ಡದು ವಾಸನೆಯದು. ಪೀಪಾಯಿಗಳಿದ್ದ ಶೆಡ್ಡಿನೊಳಗೆ ಸೆಂಟು ಹಾಕಿಕೊಂಡು ಬರುವಂತಿಲ್ಲ, ಕಾಫಿ ತರುವಂತಿಲ್ಲ, ಊಟದ ಡಬ್ಬಿ ತೆರೆಯುವಂತಿಲ್ಲ. ವೈನಿನ ಹತ್ತಿರ ವೈನಿನದೇ ವಾಸನೆ ಇರಬೇಕು ಎನ್ನುವುದು ಅವರ ವಾದ, ಅದು ಸರಿಯೂ ಹೌದು. ಮೊದಲ ದಿನ ನಾನಿದನ್ನು ತಿಳಿಯದೆ ಒಳಗೆ ಡಬ್ಬಿ ತೆರೆದೆ. ವಸುಧಾ ಇಂಗಿನ ಒಗ್ಗರಣೆ ಹಾಕಿದ ಹುಳಿಯನ್ನ ಕಲಸಿಕೊಟ್ಟಿದ್ದಳು. ಶೆಡ್ಡಿನ ಆ ಕೊನೆಯಿಂದ "ಫುವೊರಿ!" ಎಂಬ ಗರ್ಜನೆ ಬಂತು. ಇಟಾಲಿಯನ್ ಭಾಷೆಯಲ್ಲಿ ನಾನು ಕಲಿತ ಮೊದಲ ಶಬ್ದ ಅದು. ಹೊರಗೆ ಹೋಗು ಎಂದರ್ಥ. ಅರ್ಥವನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಅಂದಿನಿಂದ ಶೆಡ್ಡಿನ ಹೊರಗೆ, ಪರ್ಸಿಮನ್ ಮರದ ಕೆಳಗಿನ ಬೆಂಚು ನನ್ನ ಊಟದ ಮನೆಯಾಯಿತು. ಬೇಸಿಗೆಯಲ್ಲಿ ಸೊಳ್ಳೆ, ಚಳಿಗಾಲದಲ್ಲಿ ಹಿಮ. ಕೊಂಬಿನಿ ಅಂಗಡಿಯಿಂದ ಅನ್ನದ ಉಂಡೆ ತಂದು ತಿಂದಿದ್ದರೆ ಒಳಗೇ ಕೂರಬಹುದಿತ್ತು, ಅದಕ್ಕೆ ವಾಸನೆಯೇ ಇಲ್ಲ. ಆದರೆ ವಾಸನೆಯಿಲ್ಲದ ಊಟ ನನಗೆ ಊಟವೇ ಅಲ್ಲ.

ಕುಡಿಯದವನನ್ನು ಅವರು ಯಾಕೆ ಇಟ್ಟುಕೊಂಡರು ಎಂದು ನೀನು ಕೇಳಬಹುದು. ಪ್ರಯೋಗಾಲಯದ ಅಳತೆಗಳನ್ನು ನಾನು ಮಾಡುತ್ತಿದ್ದೆ, ಮೂಗಿನ ಕೆಲಸ ಅವರದು. ಬರಬರುತ್ತ ಟ್ಯಾಂಕಿನ ಬಿಸಿ ಎಷ್ಟು, ಸಕ್ಕರೆ ಎಷ್ಟು ಎಂಬುದೆಲ್ಲ ಫೋನಿನಲ್ಲೇ ಕಾಣುವ ಕಾಲ ಬಂತು. ನಾನು ಫೋನು ನೋಡಿ ಎಲ್ಲ ಸರಿಯಿದೆ ಎನ್ನುತ್ತಿದ್ದೆ. ಅವರು ಫೋನು ನೋಡದೆ ಟ್ಯಾಂಕಿಗೆ ಮೂಗಿಟ್ಟು ಇಲ್ಲ ಎನ್ನುತ್ತಿದ್ದರು. ಇಬ್ಬರಲ್ಲಿ ಯಾರು ಹೆಚ್ಚು ಸಲ ಸರಿಯಾಗಿದ್ದರು ಎಂದು ಬರೆಯಲು ಮನಸ್ಸಿಲ್ಲ.

ಶನಿವಾರ ಭಾನುವಾರ ಜನ ನೋಡಲು ಬರುತ್ತಿದ್ದರು. ಒಮ್ಮೆ ಬೆಂಗಳೂರಿನಿಂದ ಕಂಪನಿ ಕೆಲಸಕ್ಕೆ ಜಪಾನಿಗೆ ಬಂದಿದ್ದ ನಮ್ಮ ಹುಡುಗರ ಗುಂಪೊಂದು ಬಂತು. ಕನ್ನಡದ ಮನುಷ್ಯ ವೈನ್ ಮಾಡುತ್ತಾನೆಂದು ಅವರಿಗೆ ಭಾರೀ ಹೆಮ್ಮೆ. ನಾನೂ ಉಬ್ಬಿ ಗ್ಲಾಸುಗಳಿಗೆ ಸುರಿದುಕೊಟ್ಟೆ.

"ಸರ್, ನಿಮ್ಮ ಫೇವರಿಟ್ ಯಾವ್ದು?" ಎಂದು ಒಬ್ಬ ಕೇಳಿದ.

"ನಾನು ಕುಡಿಯಲ್ಲಪ್ಪ," ಎಂದೆ.

ಅವನು ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದ, ಗೆಳೆಯನ ಮುಖ ನೋಡಿದ. "ನೀವೇ ಮಾಡ್ತೀರಾ, ನೀವೇ ಕುಡಿಯಲ್ವಾ? ಏನೋ ಇದೆ ಮಚ್ಚಾ ಇದ್ರಲ್ಲಿ," ಎಂದು ಮೆಲ್ಲಗೆ ಗ್ಲಾಸು ಕೆಳಗಿಟ್ಟ. ಉಳಿದವರೂ ಇಟ್ಟರು. ಅಂದಿನಿಂದ ಕೈಕೋ-ಸಾನ್ ಬಹಳ ವಿನಯದಿಂದ, ಅತಿಥಿಗಳು ಬಂದಾಗ ನಾನು ಹಿತ್ತಲಲ್ಲಿ ಕ್ರೇಟು ತೊಳೆದರೆ ಎಲ್ಲರಿಗೂ ಉಪಕಾರವಾಗುತ್ತದೆ ಎಂದು ಸೂಚಿಸಿದರು.

ಹೀಗೆ ನೆಮ್ಮದಿಯಾಗಿ ತೊಳೆದುಕೊಂಡಿದ್ದವನಿಗೆ ಬದುಕಿನ ಒಂದೇ ಒಂದು ಬಡ್ತಿ ಬಂದದ್ದು ಆ ಜ್ವರದ ಕಾಲದಲ್ಲಿ. ಜಗತ್ತನ್ನೆಲ್ಲ ಮನೆಯಲ್ಲಿ ಕೂರಿಸಿದ ಸೋಂಕು ನಮ್ಮ ಗುಡ್ಡಕ್ಕೂ ಬಂತು. ರೆಂಜೊ-ಸಾನ್ ಮಲಗಿದರು, ಎದ್ದರು. ಸುಗ್ಗಿಗೆ ಇನ್ನು ಸ್ವಲ್ಪವೇ ದಿನ ಇತ್ತು. ಒಂದು ಬೆಳಿಗ್ಗೆ ಅವರು ಹಳೆಯ ಪೀಪಾಯಿಯಿಂದ ಗ್ಲಾಸಿಗೆ ತೆಗೆದು ಮೂಗಿಟ್ಟರು. ಇನ್ನೊಂದು ಪೀಪಾಯಿಯಿಂದ ತೆಗೆದು ಮೂಗಿಟ್ಟರು. ಹೀಗೆ ಸಾಲಿನ ಕೊನೆಯವರೆಗೂ ಹೋದರು. ನಾನು ಪೈಪು ಹಿಡಿದು ನೋಡುತ್ತಿದ್ದೆ.

"ನೀರು," ಎಂದರು ಕಡೆಗೆ. "ಎಲ್ಲ ನೀರು."

ಡಾಕ್ಟರು ಕೆಲವರಿಗೆ ವಾಸನೆ ಬೇಗ ಮರಳುತ್ತದೆ, ಕೆಲವರಿಗೆ ತಡ, ಕೆಲವರಿಗೆ ಹೇಳಲಾಗದು ಎಂದರಂತೆ. ಅವತ್ತು ಸಂಜೆ ಅವರು ನನ್ನನ್ನೂ ಕೈಕೋ-ಸಾನ್‌ರನ್ನೂ ಕೂರಿಸಿಕೊಂಡು ತಮ್ಮ ತೀರ್ಮಾನ ಹೇಳಿದರು. ಈ ಸುಗ್ಗಿ ಹೇಗೋ ಮುಗಿಸುವುದು. ಚಳಿಗಾಲದಲ್ಲಿ ಬಳ್ಳಿ ಸವರುವ ಹೊತ್ತಿಗೆ ಮೂಗು ಮರಳಿದರೆ ಸರಿ. ಇಲ್ಲವಾದರೆ ಸವರುವುದಿಲ್ಲ. ಹಿಮ ಕರಗಿದ ಮೇಲೆ ಕೆಳಗಿನ ಮನೆಯ ಮೋರಿತಾ-ಸಾನ್ ತಮ್ಮ ಯಂತ್ರ ತಂದು ಬಳ್ಳಿಗಳನ್ನೆಲ್ಲ ಬೇರು ಸಹಿತ ಕೀಳುತ್ತಾರೆ.

"ವಾಸನೆ ಗೊತ್ತಾಗದವನು ಬಾಟಲಿ ಮೇಲೆ ಹೆಸರು ಹಾಕೋದು ಮೋಸ," ಎಂದರು.

ಕೈಕೋ-ಸಾನ್‌ರ ತಂದೆಯ ಗುಡ್ಡ ಅದು. ಪಾಳು ಬಿದ್ದದ್ದನ್ನು ಇಬ್ಬರೂ ಸೇರಿ ಕೈಯಾರೆ ಹಸಿರು ಮಾಡಿದ್ದರು. ಕೈಕೋ-ಸಾನ್ ಮೇಜಿನ ಮೇಲಿನ ಒದ್ದೆ ಗುರುತನ್ನು ಬಟ್ಟೆಯಿಂದ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಅಲ್ಲಿಯವರೆಗೆ," ಎಂದು ರೆಂಜೊ-ಸಾನ್ ನನ್ನತ್ತ ತಿರುಗಿದರು, "ನೀನೇ ಮೂಗು."

ಹೀಗೆ ಹದಿನಾರಾಣೆ ಕುಡಿಯದ ಮೈಸೂರಿನವನು ಇಟಲಿಯವನ ವೈನಿಗೆ ಮೂಗಾದೆ. ಮೂಸಬೇಕು, ಬಾಯಲ್ಲಿ ಮುಕ್ಕಳಿಸಿ ಉಗುಳಬೇಕು, ಅನ್ನಿಸಿದ್ದನ್ನು ಹೇಳಬೇಕು. ಅದೇ ಸಮಸ್ಯೆಯಾಯಿತು. ಅವರಿಗೆ ಬೇಕಾದದ್ದು ಚೆರ್ರಿ, ವಯೊಲೆಟ್ ಹೂವು, ಒಣಗಿದ ಗುಲಾಬಿ. ನನ್ನ ಮೂಗಿನೊಳಗೆ ಇದ್ದದ್ದು ಬೇರೆಯೇ ದಿನಸಿ.

"ಹೇಳು."

"ನೇರಳೆ ಹಣ್ಣು. ಸ್ವಲ್ಪ ಹುಣಸೆ."

"ಹುಣಸೆ ಹಳೆಯದೋ ಹೊಸದೋ?"

"ಹೊಸದು. ಹಿಂದುಗಡೆ ಇನ್ನೇನೋ ಇದೆ... ಮದುವೆಮನೆಯ ಉಗ್ರಾಣ."

"ಅದು ಒಳ್ಳೆಯದೋ ಕೆಟ್ಟದ್ದೋ?"

"ಒಳ್ಳೆಯದೇ. ಬೆಲ್ಲ, ಗೋಣಿಚೀಲ, ಬಾಳೆಲೆ."

ಅವರು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದರು. ನೇರಳೆ ತಿಂದರೆ ನಾಲಗೆ ಏನಾಗುತ್ತದೆ, ಗೋಣಿಚೀಲ ಒದ್ದೆಯೋ ಒಣಗಿದ್ದೋ ಎಂದು ಒಂದೊಂದಾಗಿ ಕೆದಕಿ, ನನ್ನ ಉಗ್ರಾಣವನ್ನು ತಮ್ಮೂರ ಯಾವುದೋ ಅಟ್ಟಕ್ಕೆ ಹೊಂದಿಸಿಕೊಳ್ಳುತ್ತಿದ್ದರು. ಆ ಸುಗ್ಗಿಯಲ್ಲಿ ಯಾವ ಸಾಲು ಯಾವಾಗ ಕೊಯ್ಯಬೇಕೆಂದು ತೀರ್ಮಾನವಾದದ್ದು ಹೀಗೆಯೇ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಯಲ್ಲಿ ಸಾರು ಮೂಸಿ "ಮೊದಲು ಧನಿಯಾ, ಆಮೇಲೆ ಕರಿಬೇವು, ಕೊನೆಯಲ್ಲಿ ಉದ್ದನೆಯ ಮೆಣಸು" ಎಂದೆಲ್ಲ ಹೇಳತೊಡಗಿದೆ. ವಸುಧಾ ಸೌಟು ಎತ್ತಿದಳು. "ಬೇಕಾದ್ರೆ ತಿನ್ನಿ, ಇಲ್ದಿದ್ರೆ ಎದ್ದೋಗಿ," ಎಂದಳು.

ಈಗ ಆ ಎಡವಟ್ಟಿಗೆ ಬರುತ್ತೇನೆ. ಹುದುಗು ಮುಗಿಯುತ್ತ ಬಂದಿತ್ತು. ದೊಡ್ಡ ಟ್ಯಾಂಕಿನಲ್ಲಿ ಗುಡ್ಡದ ಮೇಲಿನ ಹಳೆಯ ಬಳ್ಳಿಗಳ ರಸ, ಇಡೀ ವರ್ಷದ ಒಳ್ಳೆಯ ವೈನ್ ಅಂದರೆ ಅದೇ. ಒಂದು ಬೆಳಿಗ್ಗೆ ಮುಚ್ಚಳ ಎತ್ತಿ ಮೂಗಿಟ್ಟೆ. ಆಹಾ! ತುಪ್ಪದಲ್ಲಿ ಇಂಗು ಸಿಡಿದ ಘಮ. ಅಡುಗೆಮನೆಯ ಬಾಗಿಲಲ್ಲಿ ನಿಂತ ಹಾಗಾಯಿತು. ಬಾಯಲ್ಲಿ ನೀರೂರಿತು. ವೈನ್ ಕಂಡು ನನ್ನ ಬಾಯಲ್ಲಿ ನೀರೂರಿದ್ದು ಬದುಕಿನಲ್ಲಿ ಅದೊಂದೇ ಸಲ.

"ಹೇಗಿದೆ?" ಎಂದರು ರೆಂಜೊ-ಸಾನ್.

"ಅದ್ಭುತ. ನಮ್ಮ ಮನೆ ನೆನಪಾಯಿತು."

ಅವರ ಮುಖ ಅರಳಿತು. ಮರುದಿನ ಘಮ ಇನ್ನೂ ಜಾಸ್ತಿಯಾಗಿತ್ತು. ಇನ್ನೂ ಚೆನ್ನಾಗಿದೆ ಎಂದೆ. ಆಮೇಲೆ ಬೆಳ್ಳುಳ್ಳಿಯೂ ಬಂತು. ಈ ಸಲದ್ದು ಎಲ್ಲಕ್ಕಿಂತ ಮೇಲು ಎಂದೆ. ಅವರು ಎಷ್ಟೋ ದಿನದ ಮೇಲೆ ಸಿಳ್ಳೆ ಹಾಕಿಕೊಂಡು ಓಡಾಡಿದರು. ನಡುವೆ ಕೈಕೋ-ಸಾನ್ ಒಂದು ಸಲ ಒಳಗೆ ಬಂದರು. ಟ್ಯಾಂಕಿನ ಹತ್ತಿರ ಒಂದು ಕ್ಷಣ ನಿಂತು, "ಆಸಕ್ತಿಕರ ವಾಸನೆ," ಎಂದು ಹೇಳಿ ಸ್ವಲ್ಪ ಬೇಗನೆ ಹೊರಗೆ ಹೋದರು. ಇಷ್ಟು ವರ್ಷ ಈ ದೇಶದಲ್ಲಿದ್ದು, ಆಸಕ್ತಿಕರ ಎಂದರೆ ಏನೆಂದು ನನಗೆ ಗೊತ್ತಿರಬೇಕಿತ್ತು. ನಾನು ತಲೆಬಾಗಿ ಅರಿಗಾತೋ ಎಂದು ಥ್ಯಾಂಕ್ಸ್ ಹೇಳಿದೆ.

ಇನ್ನೊಂದು ವಾರಕ್ಕೆ ಕೈಕೋ-ಸಾನ್ ಮತ್ತೆ ಬಂದರು. ಕರವಸ್ತ್ರ ಮೂಗಿನ ಮೇಲಿತ್ತು.

"ಸುಮಿಮಾಸೆನ್, ಕ್ಷಮಿಸಿ, ಶ್ರೀ-ಸಾನ್. ಇದನ್ನು ಹೇಳುವುದು ನನಗೆ ಬಹಳ ಕಷ್ಟ. ನನ್ನ ಮೂಗೇ ಸರಿಯಿಲ್ಲದಿರಬಹುದು. ಆದರೆ... ಚರಂಡಿಯ ಪೈಪು ಏನಾದರೂ ಕಟ್ಟಿಕೊಂಡಿದೆಯೇ?"

ಮುಚ್ಚಳ ಎತ್ತಿ ಮತ್ತೆ ಮೂಸಿದೆ. ಇಂಗು. ಇಂಗಿನಲ್ಲಿ ಇರುವುದು ಏನು? ಗಂಧಕ. ಹಸಿದ ಯೀಸ್ಟು ಬಿಡುವುದು ಏನು? ಗಂಧಕ. ಕೊಳೆತ ಮೊಟ್ಟೆ, ಚರಂಡಿ ಎಂದು ಇಡೀ ಜಗತ್ತು ಮೂಗು ಮುಚ್ಚಿಕೊಳ್ಳುವ ದೋಷವನ್ನು ನನ್ನ ಮೂಗು ಒಗ್ಗರಣೆ ಎಂದು ಅಪ್ಪಿಕೊಂಡಿತ್ತು. ಇದರ ಮೇಲೆ ನನ್ನ ಪ್ರಬಂಧದಲ್ಲಿ ಒಂದು ಪೂರ್ತಿ ಅಧ್ಯಾಯವೇ ಇದೆ. ಅದನ್ನು ಬರೆಯುವಾಗ ನಾನು ಏನನ್ನೂ ಮೂಸಿ ನೋಡಿರಲಿಲ್ಲ, ಅಷ್ಟೇ.

ರೆಂಜೊ-ಸಾನ್ ಅಲ್ಲೇ ನಿಂತಿದ್ದರು. ಬೈದಿದ್ದರೆ ಚೆನ್ನಾಗಿತ್ತು. ಅವರು ನನ್ನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು, ತಾವೂ ಒಮ್ಮೆ ಟ್ಯಾಂಕಿಗೆ ಮೂಗಿಟ್ಟರು. ಅಷ್ಟು ನಾತ ಹೊಡೆಯುತ್ತಿದ್ದ ಟ್ಯಾಂಕಿನ ಮೇಲೆ ಬಾಗಿ ಉಸಿರೆಳೆದ ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

"ತಾಮ್ರ," ಎಂದರು. "ತಾಮ್ರ ಮುಟ್ಟಿಸಿ ನೋಡು. ಹೋದರೆ ಉಳಿಯುತ್ತೆ, ಇಲ್ಲದಿದ್ದರೆ ಚೆಲ್ಲು."

ಹಳೆಯ ಪರೀಕ್ಷೆ ಅದು. ಗ್ಲಾಸಿಗೆ ತಾಮ್ರದ ನಾಣ್ಯ ಹಾಕಿ ಅಲ್ಲಾಡಿಸಿದರೆ ಗಂಧಕದ ನಾತ ಹೋಗುತ್ತದೆ. ನಾಣ್ಯಕ್ಕಾಗಿ ಜೇಬು ತಡಕಿದೆವು. ಎಲ್ಲವನ್ನೂ ಫೋನಿನಲ್ಲೇ ಕೊಳ್ಳುವ ಕಾಲ, ಒಬ್ಬರ ಹತ್ತಿರವೂ ಒಂದು ನಾಣ್ಯವಿಲ್ಲ. ಆಗ ನೆನಪಾದದ್ದು ನನ್ನ ಚೀಲದಲ್ಲಿದ್ದ ನೀರಿನ ಬಾಟಲಿ. ಬೆಂಗಳೂರಿನಿಂದ ಅತ್ತಿಗೆ ಆರೋಗ್ಯಕ್ಕೆ ಒಳ್ಳೆಯದೆಂದು ಕಳಿಸಿದ್ದ ಅಪ್ಪಟ ತಾಮ್ರದ ಬಾಟಲಿ. ನೀರು ಚೆಲ್ಲಿ, ವೈನ್ ಸುರಿದು, ಕುಲುಕಿ, ಗ್ಲಾಸಿಗೆ ಬಗ್ಗಿಸಿ ಕೈಕೋ-ಸಾನ್ ಕೈಗೆ ಕೊಟ್ಟೆ. ಅವರು ಕರವಸ್ತ್ರ ತೆಗೆದು, ಮನಸ್ಸು ಗಟ್ಟಿ ಮಾಡಿಕೊಂಡು ಮೂಸಿದರು. ಮತ್ತೊಮ್ಮೆ ಮೂಸಿದರು.

"ಹಣ್ಣು," ಎಂದರು.

ನಾನೂ ಮೂಸಿದೆ. ಒಗ್ಗರಣೆ ಹೋಗಿತ್ತು. ಅದರ ಹಿಂದೆ ಇಷ್ಟು ದಿನ ಉಸಿರು ಕಟ್ಟಿಕೊಂಡಿದ್ದ ನೇರಳೆ ಎದ್ದು ಬಂದಿತ್ತು. ಆಮೇಲೆ ಆ ಟ್ಯಾಂಕಿನ ವೈನನ್ನು ಗಾಳಿಯಾಡಿಸಿ, ಪ್ರಯೋಗಾಲಯದಲ್ಲಿ ಅಳೆದ ತಾಮ್ರದ ಔಷಧಿ ಹಾಕಿ, ಅಂತೂ ಉಳಿಸಿಕೊಂಡೆವು. ಆ ತಾಮ್ರದ ಬಾಟಲಿಯನ್ನು ವಸುಧಾ ಮೂಸಿ ನೋಡಿ ಮನೆಯೊಳಗೆ ಸೇರಿಸಲಿಲ್ಲ.

"ಅತ್ತಿಗೆ ಫೋನ್ ಮಾಡಿ ದಿನಾ ತಾಮ್ರದ ನೀರು ಕುಡೀತಿದ್ದಾರಾ ಅಂತ ಕೇಳ್ತಾರೆ. ಏನಂತ ಹೇಳ್ಲಿ ಹೇಳಿ?"

ವೈನ್ ಉಳಿಯಿತು, ಮನುಷ್ಯ ಮೊದಲಿನ ಹಾಗೆ ಉಳಿಯಲಿಲ್ಲ. ರೆಂಜೊ-ಸಾನ್ ಆಮೇಲೆ ಶೆಡ್ಡಿನ ಕಡೆ ಬರುವುದನ್ನೇ ಬಿಟ್ಟರು. ತಪ್ಪು ನನ್ನದು ಎಂದು ನಾನು ಹೇಳಿದಾಗ, "ಇಲ್ಲ ಪ್ರೊಫೆಸೋರೆ. ನೀನು ಮನೆ ನೆನಪಾಯಿತು ಅಂದೆ, ನಿನ್ನ ಮನೆಯ ಇಂಗೇ ಇತ್ತು. ಕೆಟ್ಟದ್ದು ಅಂತ ಹೇಳಬೇಕಾದವನು ನಾನು," ಎಂದರು. ಅವರು ಹಾಗೆ ಸಮಾಧಾನವಾಗಿ ಮಾತಾಡಿದ್ದನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ನನಗೆ ಭಯವಾಯಿತು.

ಹಿಮ ಬಿತ್ತು. ಡಾಕ್ಟರ ಸಲಹೆಯಂತೆ ಅವರು ದಿನಾ ಲವಂಗ, ನಿಂಬೆ, ಗುಲಾಬಿ ಎಣ್ಣೆ ಎಲ್ಲ ಮೂಸಬೇಕಿತ್ತು. ಲವಂಗವನ್ನು ವಸುಧಾಳೇ ಕಳಿಸುತ್ತಿದ್ದಳು. ಕೈಕೋ-ಸಾನ್ ಡಬ್ಬಿಗಳನ್ನು ಸಾಲಾಗಿ ಜೋಡಿಸಿಡುತ್ತಿದ್ದರು. ರೆಂಜೊ-ಸಾನ್ ಮೂಸಿ, ತಲೆ ಅಲ್ಲಾಡಿಸಿ, ಮುಚ್ಚಿಡುತ್ತಿದ್ದರು. ಬಳ್ಳಿ ಸವರುವ ಕಾಲ ಬಂತು. ಕತ್ತರಿಗಳು ಶೆಡ್ಡಿನ ಗೋಡೆಯ ಮೇಲೆ ಹಾಗೇ ತೂಗುತ್ತಿದ್ದವು. ಕೈಕೋ-ಸಾನ್ ಅವುಗಳಿಗೆ ಎಣ್ಣೆ ಹಚ್ಚಿಟ್ಟಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ.

ಒಂದು ದಿನ ಮೋರಿತಾ-ಸಾನ್ ಮಧ್ಯಾಹ್ನದ ಮೇಲೆ ಬಂದು, ಯಂತ್ರ ಯಾವ ಕಡೆಯಿಂದ ಹತ್ತಿಸಬೇಕೆಂದು ನೋಡಿಕೊಂಡು ಹೋಗುವುದೆಂದು ಮಾತಾಗಿತ್ತು. ಅವತ್ತು ಹಿಮದ ಜೊತೆ ಗಾಳಿಯೂ ಇತ್ತು. ಊಟದ ಹೊತ್ತಿಗೆ ಬೆಂಚಿನ ಕಡೆ ನೋಡಿದೆ, ಬೆಂಚು ಕಾಣಲಿಲ್ಲ. ಇಷ್ಟು ವರ್ಷ ಪಾಲಿಸಿದ ಕಾನೂನು ಯಾರಿಗಾಗಿ? ಮೂಸುವವರು ಯಾರಿದ್ದಾರೆ? ಕಾನೂನಿಗೂ ನಮ್ಮ ಕೆಲಸಕ್ಕೂ ಒಟ್ಟಿಗೇ ಕೊನೆ ಬಂತಲ್ಲ ಎಂದು ಮನಸ್ಸು ಕೆಟ್ಟು, ಪೀಪಾಯಿಗಳ ನಡುವೆ ಕ್ರೇಟು ಬೋರಲು ಹಾಕಿ ಕೂತು, ಡಬ್ಬಿ ತೆರೆದೆ. ಹುಳಿಯನ್ನ. ಅವತ್ತು ವಸುಧಾ ಇಂಗಿಗೆ ಕೈ ಬಿಗಿ ಹಿಡಿದಿರಲಿಲ್ಲ. ಮೊದಲ ತುತ್ತು ಕಲಸುವಷ್ಟರಲ್ಲಿ ಮೋರಿತಾ-ಸಾನ್‌ರಿಗೆ ಗಡಿ ತೋರಿಸುವ ಹಗ್ಗ ತೆಗೆದುಕೊಳ್ಳಲು ರೆಂಜೊ-ಸಾನ್ ಬಾಗಿಲು ತಳ್ಳಿಕೊಂಡು ಒಳಗೆ ಬಂದರು.

"ಫುವೊರಿ!"

ಪೀಪಾಯಿಗಳು ನಡುಗಿದವು. ಅಭ್ಯಾಸಬಲದಿಂದ ನಾನು ಡಬ್ಬಿ ಎತ್ತಿಕೊಂಡು ಬಾಗಿಲಿನವರೆಗೆ ಓಡಿಯೂ ಬಿಟ್ಟೆ. ಅಲ್ಲಿ ನಿಂತು ತಿರುಗಿ ನೋಡಿದೆ. ಅವರೂ ನಿಂತಿದ್ದರು, ಕೂಗಿದ ಬಾಯಿ ಹಾಗೇ ತೆರೆದಿತ್ತು.

ಅವರು ಬಂದು ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡರು. ಮೂಗು ಅನ್ನಕ್ಕೆ ತಾಗುವಷ್ಟು ಬಾಗಿದರು. ಕಣ್ಣು ಮುಚ್ಚಿದರು. ಡಬ್ಬಿ ನನ್ನ ಕೈಗೆ ಕೊಟ್ಟು ಪೀಪಾಯಿಯ ಬಾಯಿಗೆ ಮೂಗಿಟ್ಟರು, ತಲೆ ಅಲ್ಲಾಡಿಸಿದರು. ಮತ್ತೆ ಬಂದು ಡಬ್ಬಿಗೆ ಮೂಗಿಟ್ಟರು. ಬೇರೆ ಏನೂ ಇಲ್ಲ. ಗುಲಾಬಿಯಿಲ್ಲ, ಚೆರ್ರಿಯಿಲ್ಲ, ನಲವತ್ತು ವರ್ಷ ಬೆನ್ನು ಹತ್ತಿದ ವಯೊಲೆಟ್ ಇಲ್ಲ. ಬರೀ ಇಂಗು.

"ಥೂ, ಏನು ನಾತ," ಎಂದರು. ಕಣ್ಣಲ್ಲಿ ನೀರು ತುಂಬಿತ್ತು. "ಇಷ್ಟು ವರ್ಷದಿಂದ ಹೇಳ್ತಿದ್ದೀನಿ. ಒಳಗೆ ಬೇಡ ಅಂತ. ಹೋಗು ಹೊರಗೆ!"

ಗೋಡೆಯಿಂದ ಕತ್ತರಿ ಕಿತ್ತುಕೊಂಡು, ಟೋಪಿಯನ್ನೂ ಹಾಕಿಕೊಳ್ಳದೆ ಗುಡ್ಡ ಹತ್ತಿದರು.

ಅವರ ಮೂಗು ಆಮೇಲೆ ಚೂರು ಚೂರಾಗಿ ಮರಳಿತು, ಮುಂದಿನ ಸುಗ್ಗಿಗೆ ನಾನು ಪೈಪಿಗೆ ಮರಳಿದೆ. ನಿವೃತ್ತನಾಗುವವರೆಗೂ ಯಾರೂ ಮತ್ತೆ ನನ್ನ ಅಭಿಪ್ರಾಯ ಕೇಳಲಿಲ್ಲ. ಬಡ್ತಿ ರದ್ದಾದ ದಿನ ಅಷ್ಟು ಸಂತೋಷಪಟ್ಟ ನೌಕರ ಇನ್ನೊಬ್ಬ ಇರಲಾರ. ಸಹನಾ, ನೀನು ಹೋಗುವುದಾದರೆ ಹೋಗು. ಆದರೆ ಸೇರುವ ಮೊದಲು ಊಟಕ್ಕೆ ಎಲ್ಲಿ ಕೂರಿಸುತ್ತಾರೆ ಎಂದು ಕೇಳಿಕೋ.

ಅವತ್ತು ನಾನು ಬೆಂಚಿನ ಮೇಲಿನ ಹಿಮ ಬಳಿದು ಕೂತೆ. ಅನ್ನ ಕಲ್ಲಿನಂತೆ ತಣ್ಣಗಿತ್ತು. ಮೇಲಿನ ಸಾಲಿನಿಂದ ಕತ್ತರಿಯ ಸದ್ದು ಬರುತ್ತಿತ್ತು. ಮನೆಯ ಬಾಗಿಲು ತೆರೆದು ಕೈಕೋ-ಸಾನ್ ಕೊಡೆ ಹಿಡಿದು ಓಡಿ ಬಂದರು.

"ಶ್ರೀ-ಸಾನ್! ಈ ಹಿಮದಲ್ಲಿ ಯಾಕೆ ಕೂತಿದ್ದೀರಿ?"

"ರೆಂಜೊ-ಸಾನ್ ಹೊರಗೆ ಹಾಕಿದರು."

"ಯಾಕೆ?"

"ಡಬ್ಬಿ ವಾಸನೆ ಬರುತ್ತಿದೆಯಂತೆ."

ಅವರು ಕೊಡೆ ಹಿಡಿದು ಹಾಗೇ ನಿಂತರು. ಗುಡ್ಡದ ಕಡೆ ತಿರುಗಿ ಕಿವಿಗೊಟ್ಟರು. ಆಮೇಲೆ ಹಿಮವನ್ನೂ ಬಳಿಯದೆ ಬೆಂಚಿನ ಮೇಲೆ ನನ್ನ ಪಕ್ಕ ಕೂತುಬಿಟ್ಟರು.

"ಇನ್ನೊಂದು ಸಲ ಹೇಳಿ," ಎಂದರು.

ಹೇಳಿದೆ.